ಕೊನೆಯಲ್ಲೊಂದು ಗುರು

ಹೊಸ ಹತ್ತಿಗೆ ಅದರದೇ ಒಂದು ವಾಸನೆಯಿದೆ. ಬಿಸಿಲಿಗೆ ಒಣಗಿದ ಬಟ್ಟೆಯದೂ ಅಲ್ಲ, ಧೂಳಿನದೂ ಅಲ್ಲ, ಎರಡರ ನಡುವಿನದು. ಮನೆಯ ಹಾಸಿಗೆ ಗಂಟುಗಂಟಾಗಿ ಬೆನ್ನಿಗೆ ಚುಚ್ಚುತ್ತಿದೆ ಎಂದು ಹೋದ ತಿಂಗಳು ಶಿವಾಜಿನಗರದ ಇಮ್ತಿಯಾಜನ ಹಾಸಿಗೆ ಅಂಗಡಿಗೆ ಹೋಗಿದ್ದೆ. ಒಳಗೆ ಕಾಲಿಟ್ಟವಳು ಮೂರು ಸಲ ಸೀನಿ, ಸುಧಾರಿಸಿಕೊಂಡು ಮರದ ಹಲಗೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ನೋಡಿಕೊಂಡರೆ ನನ್ನ ಬೆರಳುಗಳು ತಮ್ಮ ಪಾಡಿಗೆ ತಾವು ಹಲಗೆ ಬಡಿಯುತ್ತಿವೆ. ಮೂರು, ನಾಲ್ಕು. ಮೂರು, ನಾಲ್ಕು. ದೊಡ್ಡ ಸೂಜಿಗೆ ದಾರ ಪೋಣಿಸುತ್ತಿದ್ದ ಇಮ್ತಿಯಾಜ್ ತಲೆ ಎತ್ತದೆ, "ಇನ್ನೂ ಬಿಟ್ಟಿಲ್ವಾ ಮೇಡಂ ನೀವು?" ಎಂದ. ಹೇಗೆ ಬಿಡುವುದು? ಆ ಏಳನ್ನು ಕಲಿಯಲು ನಾನು ಪಟ್ಟ ಪಾಡು ನನಗೇ ಗೊತ್ತು. ಅದನ್ನು ಕಲಿತದ್ದೂ ಇದೇ ಅಂಗಡಿಯ ಅಟ್ಟದ ಮೇಲೆ, ಇದೇ ವಾಸನೆಯ ನಡುವೆ, ತೊಂಬತ್ತೆಂಟರ ಮಳೆಗಾಲದಲ್ಲಿ.

ಆಗ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ, ಕನ್ನಡ ಮುಖ್ಯ ವಿಷಯ. ಹೊರಮಾವು ಇನ್ನೂ ಊರಾಗಿಯೇ ಇತ್ತು. ನಮ್ಮದು ದ್ರಾಕ್ಷಿ ತೋಟ, ಪಕ್ಕದಲ್ಲಿ ಒಂದಿಷ್ಟು ಕೋಸು, ಬೀನ್ಸು. ಸಂಜೆ ಅಪ್ಪನನ್ನು ಊಟಕ್ಕೆ ಕರೆಯುವ ಕೆಲಸ ನನ್ನದು. ಅಪ್ಪ ತೋಟದ ಆ ತುದಿಯಲ್ಲಿ, ನಡುವೆ ದಡಬಡ ಎನ್ನುವ ಪಂಪ್‌ಸೆಟ್ಟು. ಆ ಪಂಪ್‌ಸೆಟ್ಟನ್ನು ಮೀರಿಸಿ ಕೂಗಿ ಕೂಗಿ ನನ್ನ ಗಂಟಲು ತಯಾರಾಯಿತು. ಶಾಲೆಯ ಪ್ರಾರ್ಥನೆಯಲ್ಲಿ ಟೀಚರು ನನ್ನನ್ನು ಹಿಂದಿನ ಸಾಲಿಗೆ ತಳ್ಳಿ, "ರತ್ನಾ, ನೀನು ತುಟಿ ಮಾತ್ರ ಆಡ್ಸು" ಎನ್ನುತ್ತಿದ್ದರು. ಆ ಮಾತು ನನಗೆ ಬಹಳ ವರ್ಷ ನಾಟಿಕೊಂಡಿತ್ತು.

ಕಾಲೇಜ್ ಡೇ ದಿನ ಭಾವಗೀತೆ ಹಾಡುವಾಗ ಮೈಕು ಕೈಕೊಟ್ಟಿತು. ನಾನು ನಿಲ್ಲಿಸಲಿಲ್ಲ. ಕೊನೆಯ ಸಾಲಿನವರೆಗೂ ಕೇಳಿಸಿತಂತೆ. ಗ್ರೂಪ್ ಡ್ಯಾನ್ಸಿಗೆ ಕೀಬೋರ್ಡ್ ನುಡಿಸಲು ಬಂದಿದ್ದ ಡೆರಿಕ್ ಕಾರ್ಯಕ್ರಮ ಮುಗಿದ ಮೇಲೆ ಹುಡುಕಿಕೊಂಡು ಬಂದು, "ನಮ್ ಬ್ಯಾಂಡಲ್ಲಿ ಹಾಡ್ತೀಯಾ? ನಮ್ದು ಪ್ರೋಗ್ರೆಸಿವ್ ರಾಕ್" ಎಂದ. ಸಾಹಿತ್ಯ ಚರಿತ್ರೆಯ ಪೇಪರಿಗೆ ಪ್ರಗತಿಶೀಲರನ್ನು ಉರು ಹೊಡೆದಿದ್ದ ನಾನು, ಇದು ಯಾವುದೋ ಕಾರ್ಮಿಕರ ಹೋರಾಟದ ಹಾಡಿರಬೇಕು ಎಂದುಕೊಂಡು ಗಂಭೀರವಾಗಿ ಒಪ್ಪಿಕೊಂಡೆ.

ಡೆರಿಕ್‌ಗೆ ಇಪ್ಪತ್ತಾರು. ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ, ಉಳಿದ ದಿನ ಮಕ್ಕಳಿಗೆ ಪಿಯಾನೋ ಹೇಳಿಕೊಡುತ್ತಿದ್ದ. ರಿಚರ್ಡ್ಸ್ ಟೌನಿನಲ್ಲಿ ಅವನ ಆಂಟಿಯ ಮನೆ. ಆ ಮನೆಗೆ ಕಾರ್ ಶೆಡ್ ಇತ್ತು, ಕಾರು ಇರಲಿಲ್ಲ. ಅಲ್ಲೇ ನಮ್ಮ ಪ್ರಾಕ್ಟೀಸು. ಗಿಟಾರಿಗೆ ಹಲಸೂರಿನ ಸೆಲ್ವ, ಡ್ರಮ್ಸಿಗೆ ಇಮ್ತಿಯಾಜ್. ಹೋರಾಟದ ಹಾಡಲ್ಲ ಎಂದು ಮೊದಲ ದಿನವೇ ತಿಳಿಯಿತು. ಹನ್ನೊಂದು ನಿಮಿಷದ ಒಂದೇ ಹಾಡು. ಅದರಲ್ಲಿ ಲಯ ಬದಲಾಗುತ್ತಿತ್ತು, ರಾಗ ಬದಲಾಗುತ್ತಿತ್ತು, ಒಮ್ಮೊಮ್ಮೆ ಡೆರಿಕ್‌ನ ಮುಖವೂ ಬದಲಾಗುತ್ತಿತ್ತು. ಎರಡು ವರ್ಷ ಕೂತು ಕಟ್ಟಿದ ಹಾಡಂತೆ. ಸಾಹಿತ್ಯ ಇಂಗ್ಲಿಷಿನಲ್ಲಿ, ಅದೂ ಅವನದೇ. ನಕ್ಷತ್ರಗಳ ನಡುವೆ ಒಂದು ಗೋಪುರ ಒಂಟಿಯಾಗಿ ನಿಂತು ಅಳುತ್ತದೆ, ಅಷ್ಟೇ.

"ಗೋಪುರ ಯಾಕ್ ಅಳ್ಬೇಕು ಮಚ್ಚಾ?" ಎಂದು ಸೆಲ್ವ ಪ್ರತಿ ವಾರ ಕೇಳುತ್ತಿದ್ದ. "ನಮ್ ಹಲಸೂರ್ ದೇವಸ್ಥಾನದ್ದು ಚೆನ್ನಾಗೇ ಇದ್ಯಲ್ಲ."

ನನ್ನ ತೊಂದರೆ ಗೋಪುರದ್ದಲ್ಲ, ಎಣಿಕೆಯದು. ನಮ್ಮ ಕಿವಿಗೆ ರೂಢಿಯಾದ ಬಹಳಷ್ಟು ಹಾಡುಗಳು ನಾಲ್ಕು, ನಾಲ್ಕು ಎಂದು ನಡೆಯುತ್ತವೆ. ಚಪ್ಪಾಳೆ ತಟ್ಟುತ್ತಾ ಹೋದರೆ ಸಾಕು, ತಪ್ಪುವುದಿಲ್ಲ. ಡೆರಿಕ್‌ನ ಹಾಡು ಏಳರದ್ದು. ಎಂಟನೆಯದು ಬರುತ್ತದೆ ಎಂದು ನಾನು ಕಾಲು ಎತ್ತುವಷ್ಟರಲ್ಲಿ ಅವರೆಲ್ಲ ಮುಂದಿನ ಸುತ್ತಿನ ಒಂದಕ್ಕೆ ಹೋಗಿಬಿಟ್ಟಿರುತ್ತಿದ್ದರು. ಹೊರಟ ಬಸ್ಸಿನ ಹಿಂದೆ ಸೀರೆ ನೆರಿಗೆ ಹಿಡಿದು ಓಡುವವಳ ಹಾಗೆ ನಾನು ಹಾಡಿನುದ್ದಕ್ಕೂ ಓಡುತ್ತಿದ್ದೆ. ಡೆರಿಕ್ ಕೀಬೋರ್ಡಿನಿಂದ ಕೈ ಎತ್ತಿ, "ಲೇಟ್, ರತ್ನಾ. ಅಗೇನ್ ಲೇಟ್" ಎನ್ನುತ್ತಿದ್ದ. ಜೂನ್ ಹೋಯಿತು, ಜುಲೈ ಹೋಯಿತು, ಶೆಡ್ಡಿನ ಶೀಟಿನ ಮೇಲೆ ಮಳೆ ಸುರಿಯಿತು. ನಾನು ಮಾತ್ರ ಲೇಟೇ.

ಡೆರಿಕ್ ಕೆಟ್ಟವನಲ್ಲ, ಬೈದವನೂ ಅಲ್ಲ. ಆದರೆ ಅವನಿಗೊಂದು ಸಿದ್ಧಾಂತವಿತ್ತು. ಈ ಜಾತಿಯ ಹಾಡುಗಳಲ್ಲಿ ನೂರಕ್ಕೆ ತೊಂಬತ್ತರಲ್ಲಿ ಹಾಡುವವರು ದಂಡ ಎನ್ನುತ್ತಿದ್ದ. ವಾದ್ಯಗಳು ಮಾತಾಡಿಕೊಳ್ಳುತ್ತಿರುವಾಗ ಹಾಡುಗಾರ ಕರೆಯದೇ ಬಂದ ನೆಂಟನ ಹಾಗೆ ನಡುವೆ ಬಂದು ಕೂರುತ್ತಾನೆ, ಅವನು ಎದ್ದು ಹೋಗುವ ತನಕ ವಾದ್ಯಗಳು ಕೈಕಟ್ಟಿಕೊಂಡು ಕಾಯುತ್ತವೆ. ದನಿ ಸಂಗೀತದ ಒಳಗೆ ಕೂರಬೇಕು, ಮೇಲಲ್ಲ. ಕೇಳಿದರೆ ನಿಜವೇ ಅನ್ನಿಸುತ್ತಿತ್ತು. ಆ ನೆಂಟಳು ನಾನು ಎನ್ನುವುದೊಂದೇ ಬೇಜಾರು.

ಆಗಸ್ಟಿನಲ್ಲಿ ಒಂದು ಶನಿವಾರ ಅವನು ಮೆಲ್ಲಗೆ ಹೇಳಿದ. "ಡಿಸೆಂಬರಲ್ಲಿ ಚರ್ಚಿನ ಪ್ಯಾರಿಷ್ ಹಾಲಲ್ಲಿ ಶೋ ಇದೆ. ಅಷ್ಟ್ರೊಳಗೆ ವಾಯ್ಸ್ ಕೂತ್ರೆ ಸರಿ. ಇಲ್ಲಾಂದ್ರೆ ವಾಯ್ಸ್ ಇಲ್ದೇನೇ ಬಾರಿಸ್ತೀವಿ. ಬೇಜಾರ್ ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡುತ್ತಾರೆ? ತುಟಿ ಮಾತ್ರ ಆಡಿಸು ಎಂದು ಮತ್ತೊಮ್ಮೆ ಹೇಳಿದ ಹಾಗಾಯಿತು. ಗೇಟಿನ ಹೊರಗೆ ನಿಂತು ಅತ್ತೆ. ಹಿಂದೆಯೇ ಬಂದ ಇಮ್ತಿಯಾಜ್ ಏನು ಮಾಡಬೇಕೆಂದು ತಿಳಿಯದೆ ಡ್ರಮ್ ಕೋಲಿನಿಂದ ಗೇಟಿಗೆ ಎರಡೇಟು ಹೊಡೆದ.

"ಅಳ್ಬೇಡ ಗುರು," ಎಂದ. ಅವನಿಗೆ ಎಲ್ಲರೂ ಗುರುವೇ. ಟೀ ಅಂಗಡಿಯವನು, ಪೋಸ್ಟ್‌ಮ್ಯಾನು, ರಸ್ತೆಗೆ ಅಡ್ಡ ಬಂದ ಎಮ್ಮೆ, ಎಲ್ಲವೂ. "ಒಂದ್ ಡೀಲ್ ಮಾಡಾಣ. ನಾನ್ ನಿಂಗೆ ಸೆವೆನ್ ಹೇಳ್ಕೊಡ್ತೀನಿ. ನೀನ್ ನಂಗೆ ಕನ್ನಡ ಹೇಳ್ಕೊಡು. ಪಿಯುಸಿ ಕನ್ನಡದಲ್ಲಿ ಮೂರ್ ಸಲ ಡುಮ್ಕಿ. ನಮ್ ಅಬ್ಬಾ, ಈ ಸಲಾನೂ ಫೇಲಾದ್ರೆ ಡ್ರಮ್ಸ್ ಮಾರ್‍ತೀನಿ ಅಂದಿದಾರೆ."

ಹೀಗೆ ಹಾಸಿಗೆ ಅಂಗಡಿಯ ಅಟ್ಟದ ಮೇಲೆ ನಮ್ಮ ಪಾಠ ಶುರುವಾಯಿತು. ವಾರಕ್ಕೆ ಮೂರು ದಿನ, ಕಾಲೇಜು ಬಿಟ್ಟ ಮೇಲೆ ಒಂದು ಗಂಟೆ. ಕೆಳಗೆ ಅವನ ಅಬ್ಬಾ ಹತ್ತಿಯ ಗಂಟು ಬಿಡಿಸಿ ಎಕ್ಕುತ್ತಿದ್ದರು, ಮೇಲೆ ನಾನು ಅವನನ್ನು ಎಕ್ಕುತ್ತಿದ್ದೆ. ಪುಸ್ತಕ ತೆರೆದ ಕೂಡಲೇ ಅವನಿಗೆ ನಾನು ಮೇಡಂ, ಮುಚ್ಚಿದ ಕೂಡಲೇ ಗುರು. ವ್ಯಾಕರಣ ಕಷ್ಟಪಟ್ಟು ದಾಟಿ ಛಂದಸ್ಸಿಗೆ ಬಂದೆವು.

"ಮಾತ್ರೆ ಅಂದ್ರೆ ಟ್ಯಾಬ್ಲೆಟ್ ಅಲ್ವಾ ಮೇಡಂ?"

"ಅದೂ ಮಾತ್ರೇನೇ. ಇದು ಬೇರೆ. ಒಂದು ಚಿಕ್ಕ ಅಕ್ಷರ ಹೇಳೋಕೆ ಹಿಡಿಯೋ ಹೊತ್ತು ಒಂದು ಮಾತ್ರೆ."

"ಅರೇ! ನಾನು ಡಾಕ್ಟ್ರ ಪಾಠ ಅನ್ಕೊಂಡು ಮೂರ್ ಸಲಾನೂ ಬಿಟ್ಬಿಟ್ಟಿದ್ದೆ."

ಚಿಕ್ಕ ಅಕ್ಷರ ಲಘು, ಒಂದು ಮಾತ್ರೆ. ಎಳೆದು ಹೇಳುವ ಅಕ್ಷರ, ಒತ್ತಕ್ಷರದ ಹಿಂದಿನದು, ಸೊನ್ನೆ ಇರುವುದು ಗುರು, ಎರಡು ಮಾತ್ರೆ. ಲಘುವಿಗೆ ಬಟ್ಟಲಿನಂಥ ಗುರುತು, ಗುರುವಿಗೆ ಅಡ್ಡಗೆರೆ. "ಅಂದ್ರೆ ಲಘು ಹಾಫ್ ಚಾ, ಗುರು ಫುಲ್ ಚಾ," ಎಂದು ಅವನು ತನ್ನ ಭಾಷೆಗೆ ತಂದುಕೊಂಡ. ಹೋದ ವರ್ಷದ ಪರೀಕ್ಷೆಯಲ್ಲಿ ಏನು ಬರೆದಿದ್ದೆ ಎಂದು ಕೇಳಿದೆ. ಷಟ್ಪದಿಯ ಸಾಲು ಕೊಟ್ಟಿದ್ದರಂತೆ. ಮೂರನೆಯ ಸಾಲಿನ ಕೊನೆಯಲ್ಲಿ ಒಂದು ಗುರು ಬರಬೇಕು ಎಂದು ಯಾರೋ ಹೇಳಿಕೊಟ್ಟಿದ್ದು ನೆನಪಾಗಿ, ಮೂರನೆಯ ಸಾಲಿನ ಕೊನೆಯಲ್ಲಿ ದುಂಡಗೆ 'ಗುರು' ಎಂದು ಬರೆದು ಬಂದಿದ್ದನಂತೆ. ನಾನು ನಕ್ಕು ನಕ್ಕು ಹತ್ತಿ ಮೂಟೆಯ ಮೇಲೆ ಬಿದ್ದೆ.

ಸೆಪ್ಟೆಂಬರಿನ ಮೊದಲ ವಾರ ಭಾಮಿನಿ ಷಟ್ಪದಿ ತೆಗೆದೆ. ಪಠ್ಯದ ಪದ್ಯವನ್ನು ಜೋರಾಗಿ ಓದಿ, ಗೆರೆ ಹಾಕಿ ತೋರಿಸಿದೆ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮೂರು, ನಾಲ್ಕು. ಇಮ್ತಿಯಾಜ್‌ಗೆ ಪೆನ್ನು ಹಿಡಿದರೆ ನಿದ್ದೆ, ಬಡಿದರೆ ಎಚ್ಚರ. ಪೆನ್ನಿನಿಂದ ಪೆಟ್ಟಿಗೆ ಬಡಿಯುತ್ತಾ ಕೇಳುತ್ತಿದ್ದವನು ಥಟ್ಟನೆ ನಿಲ್ಲಿಸಿದ. "ಇನ್ನೊಂದ್ ಸಲ ಓದಿ ಮೇಡಂ." ಓದಿದೆ. "ಇನ್ನೊಂದ್ ಸಲ." ಓದಿದೆ. ಅವನು ಪೆನ್ನು ಎಸೆದ.

"ಮೂರು ಪ್ಲಸ್ ನಾಲ್ಕು ಎಷ್ಟು?"

"ಏಳು."

"ಇದು ಡೆರಿಕ್ ಸಾಂಗು! ಈ ಏಳನ್ನ ನೀವು ಇಲ್ಲಿ ನಂಗೆ ಹೇಳ್ಕೊಡ್ತಾ ಇದೀರ, ಅಲ್ಲಿ ಹೋಗಿ ಬರಲ್ಲ ಅಂತ ಅಳ್ತೀರ!"

ಹೈಸ್ಕೂಲಿನಿಂದ ಬಾಯಿಪಾಠ ಮಾಡಿದ್ದ ಷಟ್ಪದಿ, ಎಷ್ಟೋ ಸಲ ತಪ್ಪಿಲ್ಲದೆ ಹೇಳಿ ಶಹಬ್ಬಾಸ್‌ಗಿರಿ ಪಡೆದ ಷಟ್ಪದಿ. ಅದು ಏಳು ಎಂದು ಒಂದು ದಿನವೂ ಎಣಿಸಿರಲಿಲ್ಲ. ಎಣಿಸಿದ್ದು ಅಂಕಗಳನ್ನು ಮಾತ್ರ. ಅವನು ಬಾರಿಸಿದ, ನಾನು ಷಟ್ಪದಿ ಹಾಡಿದೆ. ಲೇಟಾಗಲಿಲ್ಲ. ಇನ್ನೊಮ್ಮೆ ಹಾಡಿದೆ, ಆಗಲೂ ಲೇಟಿಲ್ಲ. ಕೆಳಗಿನಿಂದ ಅವನ ಅಬ್ಬಾ, "ಪಾಠ ನಡೀತಿದ್ಯಾ, ಮದುವೆ ನಡೀತಿದ್ಯಾ?" ಎಂದು ಕೂಗಿದರು.

ಆದರೆ ಶೆಡ್ಡಿಗೆ ಹೋಗಿ ಇಂಗ್ಲಿಷ್ ಗೋಪುರ ಹಾಡಿದರೆ ಮತ್ತೆ ಅದೇ ರಾಗ, ಅದೇ ಹಾಡು. ಆ ಮಾತುಗಳ ತೂಕ ಬೀಳುವ ಜಾಗವೇ ಬೇರೆ. ಎಲ್ಲಿ ಗುರು, ಎಲ್ಲಿ ಲಘು ಎಂದು ನನ್ನ ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ. "ಲೇಟ್" ಎಂದ ಡೆರಿಕ್. ಅಕ್ಟೋಬರ್ ಬಂದಿತ್ತು.

ದಾರಿ ಸಿಕ್ಕಿದ್ದು ಬಸ್ಸಿನಲ್ಲಿ. ಬೆಳಿಗ್ಗೆ ಹೊರಮಾವಿನಿಂದ ಬರುವ ಬಸ್ಸಿನ ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನಿಂತು ಬಾಗಿಲ ತಗಡು ಬಡಿಯುತ್ತಾ, "ಶಿವಾಜಿನಗರ ಶಿವಾಜಿನಗರ ಶಿವಾಜಿನಗರ" ಎಂದು ಒಂದೇ ಉಸಿರಿನಲ್ಲಿ ಕೂಗುತ್ತಿದ್ದ. ಛಂದಸ್ಸಿನ ಹುಚ್ಚು ಹಿಡಿದಿದ್ದ ನನಗೆ ಯಾವ ಬೋರ್ಡು ಕಂಡರೂ ಗೆರೆ ಹಾಕುವ ಚಾಳಿಯಾಗಿತ್ತು. ಶಿವಾ, ಮೂರು. ಜಿನಗರ, ನಾಲ್ಕು. ಏಳು! ಇಂದಿರಾನಗರ ನೋಡಿದೆ, ಎಂಟು, ಒಂದು ಹೆಚ್ಚು. ಬೈಯಪ್ಪನಹಳ್ಳಿ ಒಂಬತ್ತು, ಕೈಗೇ ಸಿಗುವುದಿಲ್ಲ. ಹಲಸೂರು, ನಮ್ಮ ಹೊರಮಾವು ಐದೈದು, ಪಾಪ. ಇಡೀ ರೂಟಿನಲ್ಲಿ ಶಿವಾಜಿನಗರ ಒಂದೇ ಡೆರಿಕ್‌ನ ಹಾಡಿಗೆ ಹುಟ್ಟಿದ ಹಾಗಿತ್ತು. ಟಿಕೆಟಿನ ಹಿಂದೆ ಜಾಗ ಸಾಲದೆ ನೋಟ್ಸಿನ ಕೊನೆಯ ಹಾಳೆ ಹರಿದು, ಬರಿಯ ಅಭ್ಯಾಸಕ್ಕೆಂದು ಬರೆದೆ:

ಶಿವಾಜಿನಗರ ಬಸ್ಸು ಬಂದಿತು
ಕಿಟಕಿ ಸೀಟಿದೆ ಹತ್ತು ಬಾ

ಕೊನೆಯಲ್ಲಿ ಎರಡು ಮಾತ್ರೆ ಕಡಿಮೆ ಬಿತ್ತು. ಏನು ಹಾಕಿದರೂ ಕೂರಲಿಲ್ಲ. ಹಾಗೇ ಬಿಟ್ಟು, ಖಾಲಿ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದೆ.

ಆ ಶನಿವಾರ ಡೆರಿಕ್ ಬರುವುದು ತಡವಾಯಿತು. ಶೆಡ್ಡಿನಲ್ಲಿ ಇಮ್ತಿಯಾಜ್ ಮತ್ತು ಸೆಲ್ವನಿಗೆ ಹಾಳೆ ತೋರಿಸಿ, "ಸುಮ್ನೆ ಅಭ್ಯಾಸಕ್ಕೆ. ನಾನು ಹಾಡ್ತೀನಿ, ನೀವು ಬಾರ್ಸಿ. ಇಲ್ಲಿ ಕೊನೇಲಿ ಒಂದು ಗುರು ಬರ್ಬೇಕು, ನೆನಪಿರ್ಲಿ," ಎಂದೆ. ನಾನು ಹೇಳಿದ್ದು ಆ ಎರಡು ಏಟು ಖಾಲಿ ಬಿಡಬೇಕು ಎಂದು. ಶುರು ಮಾಡಿದೆವು. ಶಿವಾಜಿನಗರ ಕೂತಿತು. ಬಸ್ಸು ಕೂತಿತು. ಕಿಟಕಿ ಸೀಟೂ ಕೂತಿತು. 'ಹತ್ತು ಬಾ' ಎಂದು ನಾನು ನಿಲ್ಲಿಸಿದ್ದೇ ತಡ, ಇಮ್ತಿಯಾಜ್ ಮತ್ತು ಸೆಲ್ವ ಇಬ್ಬರೂ ಗಂಟಲು ಹರಿಯುವಂತೆ ಕೂಗಿದರು:

"ಗುರು!"

ಹತ್ತು ಬಾ ಗುರು. ಆ ಖಾಲಿ ಜಾಗ ಗಟ್ಟಿಯಾಗಿ ತುಂಬಿಹೋಯಿತು. ಗುರು ಎಂಬ ಪದದಲ್ಲಿ ಗುರುವೇ ಇಲ್ಲ, ಎರಡೂ ಲಘು. ಗು ಒಂದು, ರು ಒಂದು, ಕೂಡಿಸಿದರೆ ಎರಡು ಮಾತ್ರೆ. ನನಗೆ ಬೇಕಾಗಿದ್ದೂ ಅಷ್ಟೇ. ಪರೀಕ್ಷೆಯಲ್ಲಿ ಸೊನ್ನೆ ತಂದುಕೊಟ್ಟ ತಪ್ಪನ್ನೇ ಇಮ್ತಿಯಾಜ್ ಇಲ್ಲಿಯೂ ಮಾಡಿದ್ದ. ನಾವು ನಗಬೇಕೋ ಮುಂದುವರಿಸಬೇಕೋ ತಿಳಿಯದೆ ಎರಡನ್ನೂ ಮಾಡಿದೆವು. ಹತ್ತು ಸುತ್ತಾದ ಮೇಲೆ ನೋಡಿದರೆ ಬಾಗಿಲಲ್ಲಿ ಡೆರಿಕ್.

ಅವನ ಎರಡು ವರ್ಷದ ಗೋಪುರ ಕೆಡವಿ ಅಲ್ಲಿ ಬಸ್ ನಿಲ್ದಾಣ ಕಟ್ಟಿದ್ದೆವು. ಅವನು ಒಳಗೆ ಬಂದು ಕೀಬೋರ್ಡಿನ ಬಟ್ಟೆ ತೆಗೆದ. "ಒನ್ಸ್ ಮೋರ್," ಎಂದ. ಹಾಡಿದೆವು. ಅವನ ಬೆರಳು ನನ್ನ ದನಿಯ ಕೆಳಗೆ ಬಂದು ಸೇರಿಕೊಂಡವು. ನಾನು ನೆಂಟಳಲ್ಲ, ಮನೆಯವಳು ಎನ್ನಿಸಿತು. ಮುಗಿದ ಮೇಲೆ ಡೆರಿಕ್ ಕನ್ನಡಕ ಒರೆಸಿಕೊಂಡ. "ನಾಲ್ಕ್ ತಿಂಗ್ಳಿಂದ ಎಲ್ಲಿಟ್ಟಿದ್ದೆ ಇದನ್ನ?" ಎಂದ. ಆಮೇಲೆ ಬಹಳ ಕಷ್ಟದಿಂದ, "ಗೋಪುರ ಬೇಡ. ಬಸ್ಸೇ ಇರ್‍ಲಿ."

"ಗೋಪುರಕ್ಕೂ ಖುಷಿ ಆಗುತ್ತೆ ಮಚ್ಚಾ," ಎಂದ ಸೆಲ್ವ.

ಇಮ್ತಿಯಾಜನ ಪರೀಕ್ಷೆಯೂ ಅದೇ ತಿಂಗಳು ನಡೆಯಿತು. ಷಟ್ಪದಿ ಯಾವುದೆಂದು ಕಂಡುಹಿಡಿಯಲು ಡೆಸ್ಕು ಬಡಿದದ್ದಕ್ಕೆ ಕೊಠಡಿಯ ಮೇಲ್ವಿಚಾರಕರು ಎರಡು ಸಲ ಗದರಿದರಂತೆ. ಈ ಸಲ ಸಾಲಿನ ಕೊನೆಯಲ್ಲಿ ಅಡ್ಡಗೆರೆಯನ್ನೇ ಎಳೆದು ಬಂದ. ಪಾಸಾದ. ಡ್ರಮ್ಸ್ ಉಳಿಯಿತು. ಅವನ ಅಬ್ಬಾ ನನಗೊಂದು ದಿಂಬು ಹೊಲಿದುಕೊಟ್ಟರು.

ಡಿಸೆಂಬರಿನ ಶೋ ಸಂಜೆ ಐದಕ್ಕೆ. ಹಾಲಿನ ತುಂಬ ಕುರ್ಚಿ, ಕುರ್ಚಿಯ ತುಂಬ ಸ್ವೆಟರು ಹಾಕಿಕೊಂಡ ಆಂಟಿಯರು, ಅಂಕಲ್‌ಗಳು. ಮುಂದಿನ ಸಾಲಿನಲ್ಲಿ ಡೆರಿಕ್‌ಗೆ ಪಿಯಾನೋ ಕಲಿಸಿದ್ದ ವಯಸ್ಸಾದ ಮಿಸ್ ಕೂತಿದ್ದರು. ಕೊನೆಯಲ್ಲಿ ಬಾಗಿಲ ಬಳಿ, ಶಿವಾಜಿನಗರದ ಮಾರ್ಕೆಟ್ಟಿಗೆ ಕೋಸು ಹಾಕಿ ನೇರವಾಗಿ ಬಂದಿದ್ದ ನಮ್ಮಪ್ಪ ಟವೆಲ್ ಹೊದ್ದು ನಿಂತಿದ್ದರು. ಡೆರಿಕ್ ಮಿಸ್ಸನ್ನು ನೋಡಿ ಬೆವರಿದ. ನಾನು ಅಪ್ಪನನ್ನು ನೋಡಿ ಬೆವರಿದೆ.

ಮೊದಲ ಭಾಗ ಚೆನ್ನಾಗಿ ಹೋಯಿತು. ನಡುವೆ ಡೆರಿಕ್‌ನ ದೊಡ್ಡ ಸೋಲೋ, ಅದು ನಾಲ್ಕರ ಎಣಿಕೆಯದು. ಅದು ಮುಗಿದು ಎಲ್ಲರೂ ಏಳಕ್ಕೆ ಮರಳಬೇಕು, ಡೆರಿಕ್ ನನಗೆ ತಲೆ ಆಡಿಸಬೇಕು, ಆಗ ನಾನು ಹಾಡಬೇಕು. ಇಮ್ತಿಯಾಜ್ ಏಳಕ್ಕೆ ಬಂದ. ಡೆರಿಕ್ ಬರಲಿಲ್ಲ. ಮಿಸ್ಸಿನ ಮುಖದ ಮೇಲೆ ಕಣ್ಣಿಟ್ಟು ನಾಲ್ಕು, ನಾಲ್ಕು ಎಂದೇ ಹೋಗುತ್ತಿದ್ದ, ಅವನನ್ನು ನಂಬಿ ಸೆಲ್ವನೂ ಹಿಂದೆ. ಒಂದೊಂದು ಸುತ್ತಿಗೂ ಒಂದೊಂದು ಮಾತ್ರೆ ಹಿಂದೆ ಬೀಳುತ್ತಿದ್ದರು. ನಾಲ್ಕು ತಿಂಗಳು ಆ ದಾರಿಯಲ್ಲಿ ಓಡಿದವಳಲ್ಲವೇ ನಾನು, ಅವನು ಎಲ್ಲಿದ್ದಾನೆ ಎಂದು ನನಗೆ ಕೂಡಲೇ ಗೊತ್ತಾಯಿತು. ಅವನಿಗೂ ಗೊತ್ತಾಗಿತ್ತು. ಮುಖ ಬಿಳಿಚಿಕೊಂಡಿತ್ತು, ಹತ್ತುವ ಜಾಗ ಸಿಗುತ್ತಿರಲಿಲ್ಲ. ಇಮ್ತಿಯಾಜ್ ನನ್ನತ್ತ ನೋಡಿದ.

ಡೆರಿಕ್ ತಲೆ ಆಡಿಸುವುದಕ್ಕೆ ನಾನು ಕಾಯಲಿಲ್ಲ. ಪಂಪ್‌ಸೆಟ್ಟಿನ ಆಚೆ ಇರುವ ಅಪ್ಪನನ್ನು ಕರೆಯುವ ದನಿ ತೆಗೆದೆ. ಶಿವಾಜಿನಗರ ಬಸ್ಸು ಬಂದಿತು. ಒಂದೊಂದು ಅಕ್ಷರವನ್ನೂ ಅದರದರ ಜಾಗದಲ್ಲಿ ಇಟ್ಟೆ. ಕಿಟಕಿ ಸೀಟಿದೆ. ಡೆರಿಕ್‌ನ ಕಡೆಗೇ ತಿರುಗಿ, ಅವನಿಗೇ ಹೇಳಿದೆ. ಹತ್ತು ಬಾ. ಇಮ್ತಿಯಾಜ್, ಸೆಲ್ವ, ಮತ್ತು ಮೊದಲ ಭಾಗದಲ್ಲೇ ರುಚಿ ಹತ್ತಿದ್ದ ಇಡೀ ಹಾಲು ಒಂದೇ ದನಿಯಲ್ಲಿ ಕೂಗಿತು, "ಗುರು!"

ಮುಂದಿನ ಸುತ್ತಿನ ಒಂದಕ್ಕೆ ಡೆರಿಕ್ ಸರಿಯಾಗಿ ಹತ್ತಿದ. ಮೂರು, ನಾಲ್ಕು. ಮೂರು, ನಾಲ್ಕು. ಜನರು ಅದನ್ನೂ ಹಾಡಿನದೇ ಭಾಗ ಎಂದುಕೊಂಡು ಚಪ್ಪಾಳೆ ಹೊಡೆದರು. ಮಿಸ್ ಮಾತ್ರ ತುಟಿ ಬಿಗಿಹಿಡಿದು ನಗುತ್ತಿದ್ದರು, ಅವರಿಗೆ ಗೊತ್ತಾಗಿತ್ತು.

ಹೊರಗೆ ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಷ್ಟೊತ್ತು ಬಡ್ದು ಬಡ್ದು, ನೀನ್ ಹಾಡಿದ್ದು ಎರಡೇ ಸಾಲಾ? ಒಂದ್ ಬಸ್ ಹತ್ತಕ್ಕೆ ಹನ್ನೊಂದ್ ನಿಮ್ಸ ಬೇಕಾ?" ಎಂದರು. ಆಮೇಲೆ ಟವೆಲ್ ಸರಿಮಾಡಿಕೊಳ್ಳುತ್ತಾ, "ಬಾಗ್ಲಗಂಟ ಕೇಳ್ತು," ಎಂದರು. ಅಪ್ಪನಿಂದ ಅಷ್ಟು ಬಂದರೆ ಬಹಳ.

ಡೆರಿಕ್ ಕೀಬೋರ್ಡನ್ನು ಬಗಲಲ್ಲಿ ಹಿಡಿದು ಮೆಟ್ಟಿಲಿಳಿದು ಬಂದ. ಅಪ್ಪನಿಗೆ ನಮಸ್ಕಾರ ಮಾಡಿದ. ನನ್ನ ಮುಖ ನೋಡದೆ ಕೇಳಿದ:

"ನಾನು ಲೇಟ್ ಅಲ್ವಾ?"

"ಹೂಂ. ಸುತ್ತಿಗೆ ಒಂದೇ ಒಂದು ಮಾತ್ರೆ."

ಅವನು ಕೀಬೋರ್ಡನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡ. "ಮುಂದಿನ್ ಹಾಡಿಗೆ ಮೊದ್ಲು ನೀನ್ ಮಾತು ಬರಿ, ರತ್ನಾ. ಮ್ಯೂಸಿಕ್ಕು ನಾನ್ ಆಮೇಲೆ ಹಾಕ್ತೀನಿ," ಎಂದ.

ಆಮೇಲೆ ನಾಲ್ಕು ವರ್ಷ ಹಾಗೆಯೇ ಮಾಡಿದೆವು. ಹೋದ ತಿಂಗಳು ಅಂಗಡಿಯ ಹಲಗೆಯ ಮೇಲೆ ಕೂತು ನಾನು ಇದನ್ನೆಲ್ಲ ನೆನೆಯುತ್ತಿದ್ದರೆ, ಇಮ್ತಿಯಾಜ್ ಹಾಸಿಗೆಯ ಮೂಲೆಗೆ ಕೊನೆಯ ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿದ. ಆಟೋದವನನ್ನು ಕರೆದು, ಹಾಸಿಗೆ ಸುತ್ತಿ ಒಳಗೆ ತುರುಕಿ, ಉಳಿದ ಚೂರು ಜಾಗವನ್ನು ಕೈಯಿಂದ ತಟ್ಟಿ ತೋರಿಸಿದ. ನಾನು ಸೆರಗು ಎತ್ತಿಕೊಂಡು ಅನುಮಾನಿಸುತ್ತಾ ನಿಂತಿದ್ದೆ.

"ಕಿಟಕಿ ಸೀಟಿದೆ," ಎಂದ. "ಹತ್ತು ಬಾ ಗುರು."